ಹಳದಿ ಕಾರ್ಡ್ ಯಾರಿಗೆ?

ಪ್ರಪಂಚದಲ್ಲೇ ಅತಿ ಹೆಚ್ಚು ಜನ ನೋಡುವ ಆಟವಾದ ಫುಟ್‌ಬಾಲ್‌ನ ಪುರುಷರ ವಿಭಾಗದಲ್ಲಿ, ತಾವು ಸಲಿಂಗಿಗಳೆಂದು, ಅಂದರೆ ತಮ್ಮ ಪ್ರೇಮದ ಒಲವು ಸ್ವಂತ ಲಿಂಗದವರ ಕಡೆಗಿದೆಯೆಂದು, ಬಹಿರಂಗವಾಗಿ ಹೇಳಿಕೊಂಡು ಆಟ ಮುಂದುವರಿಸಿದ ವೃತ್ತಿಪರ ಆಟಗಾರರು ಬೆರಳೆಣಿಕೆಯಷ್ಟು ಮಾತ್ರ. 2022ರಲ್ಲಿ ಕತಾರ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ 32 ತಂಡಗಳ 800ಕ್ಕೂ ಹೆಚ್ಚು ಆಟಗಾರರಿದ್ದರೂ ಅವರಲ್ಲಿ ಹಾಗೆ ಹೇಳಿಕೊಂಡವರು ಒಬ್ಬರೂ ಇರಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು ಫ್ರಾನ್ಸ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್‌ನಲ್ಲಿ ತಂಡಗಳ ಸಂಖ್ಯೆ 24 ಮಾತ್ರವಾಗಿದ್ದರೂ ಆಟಗಾರ್ತಿಯರು ಮತ್ತು ತರಬೇತುದಾರರು ಸೇರಿ ಅಂಥವರು 40ಕ್ಕೂ ಹೆಚ್ಚು ಮಂದಿ ಇದ್ದರು. ಆಟ ಒಂದೇ, ನಿಯಮಗಳೂ ಒಂದೇ ಆಗಿರುವಾಗ ಇಷ್ಟು ದೊಡ್ಡ ಅಂತರ ತಾನಾಗಿ ಹುಟ್ಟುವುದಿಲ್ಲ. ಪುರುಷರ ಫುಟ್‌ಬಾಲ್‌ನಲ್ಲಿ ಸಲಿಂಗಿ ಆಟಗಾರರು ಇಲ್ಲವೆಂಬುದು ಯಾರೂ ನಂಬದ ಮಾತು. ಇದ್ದರೂ ಅವರು ಮೌನವಾಗಿರಬೇಕಾದ ಪರಿಸ್ಥಿತಿಯನ್ನು ಆ ಆಟದ ಲೋಕ ಬಹುಕಾಲದಿಂದ ಕಟ್ಟಿಕೊಂಡು ಬಂದಿದೆ ಎಂಬುದೇ ನಿಜ.

ಸಲಿಂಗಿಗಳ ಬಗೆಗಿನ ಅಸಹನೆ, ಭಯ ಮತ್ತು ತಿರಸ್ಕಾರಗಳನ್ನು ಒಟ್ಟಾಗಿ ಹೋಮೊಫೋಬಿಯಾ ಎಂದು ಕರೆಯಲಾಗುತ್ತದೆ. ಗ್ಯಾಲರಿಯಿಂದ ಕೇಳಿಬರುವ ಅಸಭ್ಯ ಘೋಷಣೆ, ಎದುರಾಳಿಯ ಬಾಯಿಂದ ಹೊರಡುವ ಬೈಗುಳ, ಡ್ರೆಸಿಂಗ್ ರೂಮಿನ ಲೇವಡಿ, ಕ್ಲಬ್ ಆಡಳಿತದ ಹಿಂಜರಿಕೆ, ಜಾಹೀರಾತುದಾರರ ಲೆಕ್ಕಾಚಾರ ಇವೆಲ್ಲವೂ ಅದರ ಬೇರೆ ಬೇರೆ ರೂಪಗಳು. ಇವುಗಳಲ್ಲಿ ಗ್ಯಾಲರಿಯ ಕೂಗು ಕಿವಿಗೆ ಬೀಳುವುದರಿಂದ ಚರ್ಚೆಯೆಲ್ಲ ಅದರ ಸುತ್ತಲೇ ನಡೆಯುತ್ತದೆ. ಆದರೆ ಕಳೆದ ನಾಲ್ಕು ದಶಕಗಳ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯದೇ ಎನಿಸುತ್ತದೆ: ಅವಮಾನ ನಡೆದಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ? ಅವಮಾನ ಮಾಡಿದವರೋ, ಅದನ್ನು ತಡೆಯಬೇಕಾಗಿದ್ದ ಸಂಸ್ಥೆಯೋ, ಅಥವಾ ಅವಮಾನಕ್ಕೆ ಗುರಿಯಾದ ಆಟಗಾರನೋ? ಫುಟ್‌ಬಾಲ್‌ನ ಮಟ್ಟಿಗೆ ಈ ಪ್ರಶ್ನೆಗೆ ಬಹುಪಾಲು ಸಂದರ್ಭಗಳಲ್ಲಿ ಸಿಕ್ಕಿರುವ ಉತ್ತರ ಕೊನೆಯದು.

ಈ ಸ್ಥಿತಿಯ ಬೇರುಗಳನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಡುಕಬೇಕಾಗುತ್ತದೆ. ಫುಟ್‌ಬಾಲ್‌ಗೆ ಲಿಖಿತ ನಿಯಮಗಳು ರೂಪುಗೊಂಡದ್ದು 1863ರಲ್ಲಿ. ಅಲ್ಲಿನ ಶ್ರೀಮಂತ ವಸತಿ ಶಾಲೆಗಳು ಹುಡುಗರನ್ನು ಗಟ್ಟಿಮುಟ್ಟಾದ, ಶಿಸ್ತುಬದ್ಧ ಗಂಡಸರನ್ನಾಗಿ ಮಾಡುವ ಸಾಧನವೆಂದು ಆಟೋಟಗಳನ್ನು ಪೋಷಿಸುತ್ತಿದ್ದ ಕಾಲವದು. ಅದೇ ಕಾಲದ ಕಾನೂನು ಪುರುಷರ ನಡುವಣ ಲೈಂಗಿಕ ಸಂಬಂಧವನ್ನು ಅಪರಾಧವೆಂದು ಪರಿಗಣಿಸಿತ್ತು. 1861ರವರೆಗೆ ಅದಕ್ಕೆ ಮರಣದಂಡನೆಯ ಅವಕಾಶವಿತ್ತು, 1885ರಲ್ಲಿ ಅದರ ವ್ಯಾಪ್ತಿ ಇನ್ನಷ್ಟು ಹಿಗ್ಗಿತು, ಹತ್ತು ವರ್ಷಗಳ ಬಳಿಕ ನಾಟಕಕಾರ ಆಸ್ಕರ್ ವೈಲ್ಡ್ ಅದೇ ಕಾನೂನಿನಡಿ ಸೆರೆಮನೆ ಸೇರಿದರು. ಆ ಕಾನೂನಿನದೇ ಒಂದು ಕವಲು 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮಾಗಿ ಭಾರತಕ್ಕೂ ಬಂದಿತೆಂಬುದು ಕನ್ನಡ ಓದುಗರಿಗೆ ಗೊತ್ತಿರುವ ಸಂಗತಿಯೇ. ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರ ಕಾಯ್ದೆ 21 ವರ್ಷ ದಾಟಿದ ಪುರುಷರ ಖಾಸಗಿ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, ಸ್ಕಾಟ್ಲೆಂಡ್ ಅದಕ್ಕಾಗಿ 1980ರವರೆಗೆ ಕಾಯಬೇಕಾಯಿತು. ಕಾನೂನು ಬದಲಾದ ಮಾತ್ರಕ್ಕೆ ಕ್ರೀಡಾಂಗಣದ ಮನಸ್ಸು ಬದಲಾಗಲಿಲ್ಲ. ಗಂಡಸುತನವನ್ನು ಸಾಬೀತುಪಡಿಸುವ ಸ್ಥಳವೆಂದು ಒಂದು ಶತಮಾನ ಕಾಲ ಬೆಳೆದುಬಂದಿದ್ದ ಆಟದಲ್ಲಿ, ಎದುರಾಳಿಯ ಗಂಡಸುತನವನ್ನು ಹೀಯಾಳಿಸುವುದು ಆಟದ ಒಂದು ಅಂಗವೇ ಎಂಬಂತೆ ಉಳಿದುಕೊಂಡಿತು.

ಇಂಗ್ಲಿಷ್ ಆಟಗಾರ ಜಸ್ಟಿನ್ ಫಶಾನು ಈ ಲೋಕಕ್ಕೆ ಕಾಲಿಟ್ಟದ್ದು ಅಂಥ ಹೊತ್ತಿನಲ್ಲಿ. 1961ರ ಫೆಬ್ರವರಿ 19ರಂದು ಲಂಡನ್‌ನಲ್ಲಿ ಅವರು ಹುಟ್ಟಿದರು, ತಂದೆ ನೈಜೀರಿಯಾದವರು, ತಾಯಿ ಗಯಾನಾ ಮೂಲದ ನರ್ಸ್. ತಂದೆತಾಯಿ ಬೇರೆಯಾದ ಮೇಲೆ ಜಸ್ಟಿನ್ ಮತ್ತು ತಮ್ಮ ಜಾನ್ ಅನಾಥಾಲಯ ಸೇರಿ, ಅಲ್ಲಿಂದ ನಾರ್ಫೋಕ್ ಪ್ರಾಂತ್ಯದ ಬಿಳಿಯ ದಂಪತಿಗಳ ಮನೆಯಲ್ಲಿ ಸಾಕುಮಕ್ಕಳಾಗಿ ಬೆಳೆದರು. ನಾರಿಚ್ ಸಿಟಿ ಕ್ಲಬ್‌ನ ಮುನ್ನಡೆ ಆಟಗಾರನಾಗಿ ಜಸ್ಟಿನ್ 1980ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ವಿರುದ್ಧ ಹೊಡೆದ ಒಂದು ಗೋಲು ಇಂದಿಗೂ ಮತ್ತೆ ಮತ್ತೆ ಪ್ರಸಾರವಾಗುತ್ತದೆ: ಪೆನಾಲ್ಟಿ ಪ್ರದೇಶದ ಹೊರಗೆ ಗೋಲಿಗೆ ಬೆನ್ನು ಮಾಡಿ ನಿಂತು ಚೆಂಡನ್ನು ಪಡೆದ ಅವರು, ಅದನ್ನು ಬಲಗಾಲಿನಿಂದ ಮೆಲ್ಲನೆ ಮೇಲಕ್ಕೆತ್ತಿ, ಗಿರಕ್ಕನೆ ತಿರುಗಿ, ನೆಲಕ್ಕೆ ಬೀಳುವ ಮೊದಲೇ ಎಡಗಾಲಿನಿಂದ ಬಲೆಯ ದೂರದ ಮೂಲೆಗೆ ಅಟ್ಟಿದ್ದರು. ಆ ಪಂದ್ಯವನ್ನು ನಾರಿಚ್ 3-5ರಿಂದ ಸೋತರೂ ಬಿಬಿಸಿ ಅದನ್ನು ಆ ಋತುವಿನ ಅತ್ಯುತ್ತಮ ಗೋಲೆಂದು ಆರಿಸಿತು. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ ಅವರನ್ನು 10 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಅಷ್ಟು ಬೆಲೆ ಪಡೆದ ಬ್ರಿಟನ್ನಿನ ಮೊದಲ ಕಪ್ಪು ಆಟಗಾರ ಅವರು. ಆಗ ಅವರ ವಯಸ್ಸು 20.

ಫಾರೆಸ್ಟ್ ತಂಡದ ಮ್ಯಾನೇಜರ್ ಬ್ರಯನ್ ಕ್ಲಫ್ ಅಂದಿನ ಬ್ರಿಟನ್ನಿನ ಅತಿ ಪ್ರಸಿದ್ಧ ತರಬೇತುದಾರ. ಎರಡು ಬಾರಿ ಯೂರೋಪಿಯನ್ ಕಪ್ ಗೆದ್ದುಕೊಟ್ಟಿದ್ದ ಅವರ ಮಾತೇ ಆ ಊರಿನಲ್ಲಿ ಶಾಸನವಾಗಿತ್ತು. ಫಶಾನು ಸಲಿಂಗಿಗಳು ಸೇರುವ ಕ್ಲಬ್ಬುಗಳಿಗೆ ಹೋಗುತ್ತಾರೆಂಬ ಸುದ್ದಿ ಕಿವಿಗೆ ಬಿದ್ದಾಗ ಅವರನ್ನು ಕರೆಸಿ ಪಾಟೀ ಸವಾಲು ಹಾಕಿದ್ದನ್ನೂ, ಅವಹೇಳನದ ಪದ ಬಳಸಿದ್ದನ್ನೂ ಕ್ಲಫ್ ಮುಂದೆ ತಮ್ಮ ಆತ್ಮಕಥೆಯಲ್ಲಿ ತಾವೇ ದಾಖಲಿಸಿದರು. ತಂಡದೊಂದಿಗೆ ಅಭ್ಯಾಸ ಮಾಡಕೂಡದೆಂದು ಫಶಾನುಗೆ ಆದೇಶವಾಯಿತು. ಆದೇಶ ಮೀರಿ ಅಭ್ಯಾಸಕ್ಕೆ ಬಂದಾಗ ಅವರನ್ನು ಮೈದಾನದಿಂದ ಹೊರಗೆ ಕರೆದೊಯ್ಯಲು ಪೊಲೀಸರನ್ನು ಕರೆಸಲಾಯಿತು. ಆ ಕ್ಲಬ್‌ನಲ್ಲಿ 32 ಲೀಗ್ ಪಂದ್ಯಗಳಿಂದ ಅವರು ಗಳಿಸಿದ್ದು ಮೂರೇ ಗೋಲು, ಮುಂದಿನ ವರ್ಷ ಅದೇ ಊರಿನ ಇನ್ನೊಂದು ಕ್ಲಬ್‌ಗೆ ಅವರನ್ನು ಮಾರಿದ್ದು ಒಂದೂವರೆ ಲಕ್ಷ ಪೌಂಡಿಗೆ. ಫಾರ್ಮ್ ಕಳೆದುಕೊಂಡ ದುಬಾರಿ ಆಟಗಾರರು ಎಲ್ಲ ಕಾಲದಲ್ಲೂ ಇರುತ್ತಾರೆ, ಮಂಡಿಯ ಗಾಯವೂ ಮುಂದೆ ಅವರನ್ನು ಕಾಡಿತು. ಆದರೂ ಸಹ ಆಟಗಾರರ ನಡುವೆ ಒಂಟಿಯಾಗಿ, ಬಾಸ್‌ನ ಕಣ್ಣಿನಲ್ಲಿ ಅಪರಾಧಿಯಾಗಿ, ಗ್ಯಾಲರಿಯಿಂದ ಬರುವ ಜನಾಂಗೀಯ ನಿಂದನೆಯನ್ನೂ ಕೇಳಿಸಿಕೊಳ್ಳುತ್ತ ಆಡಬೇಕಾದ ತರುಣನಿಂದ ಹಳೆಯ ಆಟವನ್ನು ನಿರೀಕ್ಷಿಸುವುದು ಕ್ರೂರವೆಂದೇ ಹೇಳಬೇಕು.

1990ರ ಅಕ್ಟೋಬರ್ 22ರಂದು ದ ಸನ್ ಪತ್ರಿಕೆಯ ಮೂಲಕ ಫಶಾನು ತಾವು ಸಲಿಂಗಿಯೆಂದು ಪ್ರಕಟಿಸಿದರು. ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ವೃತ್ತಿಪರ ಫುಟ್‌ಬಾಲ್ ಆಟಗಾರ ಅದುವರೆಗೆ ಬೇರೊಬ್ಬರಿರಲಿಲ್ಲ. ಅದು ಏಡ್ಸ್ ಭೀತಿ ಬ್ರಿಟನ್ನನ್ನು ಆವರಿಸಿದ್ದ ಕಾಲ. ಸ್ಥಳೀಯ ಆಡಳಿತಗಳು ಸಲಿಂಗ ಸಂಬಂಧವನ್ನು 'ಉತ್ತೇಜಿಸ'ಕೂಡದೆಂದು 1988ರಲ್ಲಿ ಬಂದಿದ್ದ ಕಾಯ್ದೆಯ 28ನೇ ಕಲಮಿನಿಂದಾಗಿ ಶಾಲೆಗಳಲ್ಲಿ ಅಧ್ಯಾಪಕರು ಆ ವಿಷಯವನ್ನೆತ್ತಲೂ ಅಂಜುತ್ತಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಕಲಮು ರದ್ದಾದದ್ದು 2003ರಲ್ಲಿ. 1987ರ ಬ್ರಿಟಿಷ್ ಸಾಮಾಜಿಕ ಧೋರಣೆಗಳ ಸಮೀಕ್ಷೆಯಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಜನ ಸಲಿಂಗ ಸಂಬಂಧ ಯಾವಾಗಲೂ ತಪ್ಪೇ ಎಂದಿದ್ದರು. ಇಂಥ ವಾತಾವರಣದಲ್ಲಿ ಫಶಾನು ಅವರ ಹೇಳಿಕೆಗೆ ಸಿಕ್ಕ ಮೊದಲ ಪೆಟ್ಟು ಮನೆಯೊಳಗಿನಿಂದಲೇ ಬಂದಿತು. ಸ್ವತಃ ಹೆಸರಾಂತ ಆಟಗಾರನಾಗಿದ್ದ ತಮ್ಮ ಜಾನ್, ಅಣ್ಣನೊಂದಿಗೆ ತನಗೆ ಸಂಬಂಧವಿಲ್ಲವೆಂದು ಪತ್ರಿಕೆಯಲ್ಲಿ ಸಾರಿದರು. ಅದಕ್ಕಾಗಿ ಅವರು ಮುಂದೆ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ. ಬ್ರಿಟನ್ನಿನ ಸಣ್ಣಪುಟ್ಟ ಕ್ಲಬ್‌ಗಳಲ್ಲೂ ಅಮೆರಿಕದಲ್ಲೂ ಫಶಾನು ಕೆಲಕಾಲ ಆಡಿದರು. 1998ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 17 ವರ್ಷದ ಹುಡುಗನೊಬ್ಬ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದ. ಅವರು ಅದನ್ನು ಅಲ್ಲಗಳೆದು ಇಂಗ್ಲೆಂಡಿಗೆ ಮರಳಿದ್ದರು. ಆರೋಪದ ಸತ್ಯಾಸತ್ಯತೆ ನ್ಯಾಯಾಲಯದಲ್ಲಿ ತೀರ್ಮಾನವಾಗುವ ಮೊದಲೇ, ಆ ವರ್ಷದ ಮೇ ಆರಂಭದಲ್ಲಿ, ಲಂಡನ್‌ನ ಶೋರ್‌ಡಿಚ್‌ನಲ್ಲಿ ತಮ್ಮ 37ನೇ ವಯಸ್ಸಿನಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಹುಟ್ಟುಹಬ್ಬದ ದಿನವೇ, 2020ರಲ್ಲಿ, ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯ ಅವರ ಹೆಸರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು.

ಫಶಾನು ಪಟ್ಟ ಪಾಡನ್ನು ಕಂಡವರು ಯಾವ ಪಾಠ ಕಲಿತರೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಸಲಿಂಗಿಯಲ್ಲದ ಆಟಗಾರನನ್ನೂ ಈ ಹೀಯಾಳಿಕೆ ಹೇಗೆ ಹಿಂಡಬಲ್ಲದೆಂಬುದಕ್ಕೆ ಗ್ರೇಮ್ ಲ ಸೋ ಉದಾಹರಣೆ. ಜರ್ಸಿ ದ್ವೀಪದಿಂದ ಬಂದು ಚೆಲ್ಸಿ ಕ್ಲಬ್ ಸೇರಿದ ಈ ಡಿಫೆಂಡರ್ ಗಾರ್ಡಿಯನ್ ಪತ್ರಿಕೆ ಓದುತ್ತಿದ್ದರು, ವಸ್ತುಸಂಗ್ರಹಾಲಯಗಳಿಗೆ ಹೋಗುತ್ತಿದ್ದರು, 1991ರ ಬೇಸಿಗೆಯಲ್ಲಿ ಸಹ ಆಟಗಾರ ಕೆನ್ ಮೊಂಕೂ ಅವರೊಂದಿಗೆ ಪ್ರವಾಸ ಹೋಗಿದ್ದರು. ಡ್ರೆಸಿಂಗ್ ರೂಮಿನಲ್ಲಿ ಇಷ್ಟೇ ಸಾಕಾಯಿತು. ಅಲ್ಲಿ ಗೇಲಿಯಾಗಿ ಹುಟ್ಟಿದ ಮಾತು ಎದುರಾಳಿಗಳ ಬಾಯಿಗೆ, ಅಲ್ಲಿಂದ ಸಾವಿರಾರು ಜನರ ಗ್ಯಾಲರಿಗೆ ಹರಡಿ, ಮದುವೆಯಾಗಿ ಮಕ್ಕಳಾದ ಮೇಲೂ ವರ್ಷಗಟ್ಟಲೆ ಅವರ ಬೆನ್ನು ಹತ್ತಿತು. 1999ರ ಫೆಬ್ರವರಿಯಲ್ಲಿ ಚೆಲ್ಸಿಯ ಮೈದಾನದಲ್ಲಿ ಲಿವರ್‌ಪೂಲ್ ವಿರುದ್ಧ ಅವರು ಫ್ರೀ ಕಿಕ್ ಹೊಡೆಯಲು ಸಿದ್ಧರಾಗಿದ್ದಾಗ ಎದುರಾಳಿ ರಾಬಿ ಫೌಲರ್ ಅವರೆದುರು ಬಗ್ಗಿ, ತನ್ನ ಹಿಂಭಾಗವನ್ನು ತೋರಿಸಿ ಅಶ್ಲೀಲವಾಗಿ ಕೆಣಕಿದರು. ಲ ಸೋ ಚೆಂಡನ್ನು ಒದೆಯದೆ ಹಾಗೇ ನಿಂತು, ರೆಫರಿ ಏನಾದರೂ ಮಾಡಲಿ ಎಂದು ಕಾದರು. ರೆಫರಿ ಜೇಬಿನಿಂದ ಎಚ್ಚರಿಕೆಯ ಹಳದಿ ಕಾರ್ಡ್ ತೆಗೆದು ತೋರಿಸಿದ್ದು ಲ ಸೋ ಅವರಿಗೆ, ಕಾಲಹರಣ ಮಾಡಿದ ತಪ್ಪಿಗೆ! ತಾಳ್ಮೆ ಕೆಟ್ಟ ಅವರು ಆಮೇಲೆ ಫೌಲರ್ ತಲೆಗೆ ಹಿಂದಿನಿಂದ ಹೊಡೆದರು, ಅದಕ್ಕೂ ದಂಡ ಮತ್ತು ನಿಷೇಧ ಅನುಭವಿಸಿದರು. ಫೌಲರ್‌ಗೂ ತರುವಾಯ ನಿಷೇಧ ಬಿದ್ದಿತೆಂಬುದು ನಿಜ, ವರ್ಷಗಳ ಬಳಿಕ ಅವರು ಕ್ಷಮೆ ಕೇಳಿದ್ದೂ ನಿಜ. ಆದರೂ ಆ ಮಧ್ಯಾಹ್ನ ಎಲ್ಲರೆದುರು ನಡೆದ ಅವಮಾನದ ನಡುವೆ ನಿಯಮಪುಸ್ತಕಕ್ಕೆ ಕಂಡ ಏಕೈಕ ಅಪರಾಧ, ಫ್ರೀ ಕಿಕ್ ತಡವಾದದ್ದು.

ಗಮನಿಸಬೇಕಾದ ಮಾತೆಂದರೆ, ಇಂಥ ಲೇವಡಿಯ ಕಾವಲು ಸಲಿಂಗಿಗಳ ಮೇಲಷ್ಟೇ ಇರುವುದಿಲ್ಲ; ಗುಂಪಿನಿಂದ ಸ್ವಲ್ಪ ಭಿನ್ನವಾಗಿ ಓದುವ, ಉಡುವ, ಮಾತಾಡುವ ಪ್ರತಿಯೊಬ್ಬ ಹುಡುಗನ ಮೇಲೂ ಇರುತ್ತದೆ. ಕ್ರೀಡೆ ಮತ್ತು ಗಂಡಸುತನದ ಬಗ್ಗೆ ಸಂಶೋಧನೆ ನಡೆಸಿದ ಸಮಾಜಶಾಸ್ತ್ರಜ್ಞ ಎರಿಕ್ ಆಂಡರ್ಸನ್ ಇದಕ್ಕೆ ಹೋಮೊಹಿಸ್ಟೀರಿಯಾ ಎಂಬ ಹೆಸರಿಟ್ಟರು. ತನ್ನನ್ನು ಇತರರು ಸಲಿಂಗಿಯೆಂದು ತಿಳಿದುಬಿಟ್ಟಾರೆಂಬ ಭಯ ಒಂದು ಗುಂಪಿನ ಗಂಡಸರನ್ನೆಲ್ಲ ಆಳುವ ಸ್ಥಿತಿ ಎಂದು ಅದರ ಅರ್ಥ. ಆ ಭಯ ಇಳಿದಲ್ಲಿ ಗಂಡಸರು ಪರಸ್ಪರ ಹೆಚ್ಚು ಮೃದುವಾಗಿ ವರ್ತಿಸುತ್ತಾರೆ, ಸಲಿಂಗಿ ಗೆಳೆಯರನ್ನೂ ಸಹಜವಾಗಿ ಸ್ವೀಕರಿಸುತ್ತಾರೆ ಎಂಬುದು ಅವರ ವಾದ. ಬ್ರಿಟನ್ನಿನ ಸಮಾಜ ಆ ದಿಕ್ಕಿನಲ್ಲಿ ಬಹಳ ದೂರ ಸಾಗಿದೆ. ಮೇಲೆ ಹೇಳಿದ ಅದೇ ಸಮೀಕ್ಷೆಯಲ್ಲಿ, 2012ರ ಹೊತ್ತಿಗೆ, ಸಲಿಂಗ ಸಂಬಂಧ ಯಾವಾಗಲೂ ತಪ್ಪು ಎನ್ನುವವರು ಐದರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿದ್ದರು. ಎಲ್ಲಿಸ್ ಕ್ಯಾಶ್‌ಮೋರ್ ಮತ್ತು ಜೇಮಿ ಕ್ಲೆಲೆಂಡ್ ಎಂಬ ವಿದ್ವಾಂಸರು ಸುಮಾರು 3,500 ಮಂದಿ ಫುಟ್‌ಬಾಲ್ ಅಭಿಮಾನಿಗಳನ್ನು ಕೇಳಿ ಅದೇ ವರ್ಷ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 93 ಮಂದಿ ಈ ಆಟದಲ್ಲಿ ಹೋಮೊಫೋಬಿಯಾಕ್ಕೆ ಜಾಗವಿಲ್ಲವೆಂದಿದ್ದರು. ಆಟಗಾರನನ್ನು ಅವನ ಆಟದಿಂದ ಅಳೆಯುತ್ತೇವೆಯೇ ಹೊರತು ಅವನ ಖಾಸಗಿ ಬದುಕಿನಿಂದಲ್ಲ ಎಂಬುದು ಅವರಲ್ಲಿ ಹೆಚ್ಚಿನವರ ನಿಲುವು.

ಹಾಗಾದರೆ ಮೌನವೇಕೆ ಮುಗಿಯಲಿಲ್ಲ? ಸಮೀಕ್ಷೆಯ ಪ್ರಶ್ನೆಗೆ ಮನೆಯಲ್ಲಿ ಕೂತು ಉತ್ತರಿಸುವ ಮನುಷ್ಯನೇ ಶನಿವಾರ ಮಧ್ಯಾಹ್ನ ಗುಂಪಿನೊಳಗೆ ನಿಂತಾಗ ಬೇರೆ ದನಿಯಲ್ಲಿ ಕೂಗಬಲ್ಲನೆಂಬುದು ಒಂದು ಕಾರಣ. ಇನ್ನೊಂದು, ಮತ್ತು ಹೆಚ್ಚು ಆಳವಾದ ಕಾರಣವೆಂದರೆ ಪ್ರತಿಯೊಬ್ಬರೂ ತಾವು ಸಿದ್ಧ, ಇತರರು ಸಿದ್ಧರಿಲ್ಲ ಎಂದು ನಂಬಿರುವುದು. ಆಟಗಾರರು ಅಭಿಮಾನಿಗಳತ್ತ ಬೆರಳು ತೋರಿಸುತ್ತಾರೆ, ಅಭಿಮಾನಿಗಳು ಕ್ಲಬ್‌ಗಳತ್ತ ಮತ್ತು ಏಜೆಂಟರತ್ತ, ಕ್ಲಬ್‌ಗಳು ಮಾರುಕಟ್ಟೆಯತ್ತ. ಜರ್ಮನಿಯ ಅನುಭವ ಇದಕ್ಕೆ ಸಾಕ್ಷಿ. ಆ ದೇಶಕ್ಕೆ 52 ಪಂದ್ಯಗಳನ್ನಾಡಿದ ಥಾಮಸ್ ಹಿಟ್ಸ್‌ಲ್‌ಸ್ಪರ್ಗರ್ ತಾವು ಸಲಿಂಗಿಯೆಂದು ಹೇಳಿಕೊಂಡದ್ದು ನಿವೃತ್ತಿಯಾಗಿ ಕೆಲವು ತಿಂಗಳ ನಂತರ, 2014ರ ಜನವರಿಯಲ್ಲಿ. 2021ರಲ್ಲಿ ಅಲ್ಲಿನ ಫುಟ್‌ಬಾಲ್ ಪತ್ರಿಕೆಯೊಂದರ ಮೂಲಕ 800ಕ್ಕೂ ಹೆಚ್ಚು ಆಟಗಾರರು, ಆಟಗಾರ್ತಿಯರು ಸಲಿಂಗಿ ಸಹೋದ್ಯೋಗಿಗಳಿಗೆ ಬೆಂಬಲ ಘೋಷಿಸಿದರು. ಅದೇ ವರ್ಷ, ವಿಶ್ವಕಪ್ ಗೆದ್ದ ತಂಡದ ನಾಯಕ ಫಿಲಿಪ್ ಲಾಮ್, ಆಡುತ್ತಿರುವಾಗ ಅಂಥ ಹೇಳಿಕೆ ಕೊಡಬೇಡಿರೆಂಬ ಎಚ್ಚರಿಕೆಯನ್ನು ತಮ್ಮ ಪುಸ್ತಕದಲ್ಲಿ ಬರೆದರು. ಯೌವನದಲ್ಲೇ ಈ ಭಯಕ್ಕೆ ಆಟ ತೊರೆದಿದ್ದ ಪೂರ್ವ ಜರ್ಮನಿಯ ಮಾರ್ಕುಸ್ ಉರ್ಬನ್, 2024ರ ಮೇ 17ರಂದು ಹಲವರು ಒಟ್ಟಿಗೆ ಮುಂದೆ ಬಂದು ಹೇಳಿಕೊಳ್ಳಲಿ ಎಂಬ ಯೋಜನೆ ರೂಪಿಸಿದರು. ಭಾರ ಒಬ್ಬರ ಮೇಲೆ ಬೀಳದಿರಲಿ ಎಂಬ ಆಶಯ ಅದರದು. ಆ ದಿನ ಅಗ್ರ ಕ್ಲಬ್‌ಗಳ ಆಟಗಾರರು ಯಾರೂ ಮುಂದೆ ಬರಲಿಲ್ಲ.

ಮಹಿಳಾ ಫುಟ್‌ಬಾಲ್‌ನ ಇತಿಹಾಸ ಬೇರೆ ದಾರಿ ಹಿಡಿದದ್ದಕ್ಕೆ ಅದರ ಕಷ್ಟಗಳೇ ಒಂದು ಕಾರಣವಾಗಿರಬಹುದು. ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆ 1921ರಿಂದ ಅರ್ಧ ಶತಮಾನ ಕಾಲ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿತ್ತು. ಫುಟ್‌ಬಾಲ್ ಆಡುವ ಹೆಣ್ಣು ಸಮಾಜದ ಕಟ್ಟಳೆಯನ್ನು ಆಗಲೇ ಮೀರಿದವಳೆಂಬ ಭಾವನೆ ಇದ್ದುದರಿಂದ, ತಂಡಗಳೊಳಗೆ ಭಿನ್ನತೆಗೆ ಹೆಚ್ಚು ಎಡೆ ಸಿಕ್ಕಿತು. ಅಮೆರಿಕದ ಮೇಗನ್ ರಪಿನೋ, ಆಸ್ಟ್ರೇಲಿಯಾದ ಸ್ಯಾಮ್ ಕೆರ್ ಮೊದಲಾದವರು ತಮ್ಮ ಸಂಗಾತಿಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಆದರೆ ಈ ನಿರಾಳತೆ ಎಲ್ಲ ದೇಶಗಳಲ್ಲೂ ಇದೆಯೆಂದು ತಿಳಿಯಬಾರದು. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ತಂಡಕ್ಕೆ ಆಡಿದ್ದ, ತಾನು ಸಲಿಂಗಿಯೆಂದು ಮುಚ್ಚಿಡದೆ ಬದುಕಿದ್ದ ಯೂಡಿ ಸಿಮೆಲಾನೆ ಅವರನ್ನು 2008ರ ಏಪ್ರಿಲ್‌ನಲ್ಲಿ, ಅವರ ಸ್ವಂತ ಊರಾದ ಕ್ವಾಥೆಮಾದಲ್ಲೇ, ಅತ್ಯಾಚಾರ ಮಾಡಿ ಇರಿದು ಕೊಲ್ಲಲಾಯಿತು.

ಹೋಮೊಫೋಬಿಯಾ ವಿರುದ್ಧದ ಪ್ರಯತ್ನಗಳನ್ನು ಮೊದಲು ಕೈಗೆತ್ತಿಕೊಂಡವರು ಸಂಸ್ಥೆಗಳಲ್ಲ, ಅಭಿಮಾನಿಗಳು. ಬ್ರಿಟನ್ನಿನ ಸಲಿಂಗಿ ಫುಟ್‌ಬಾಲ್ ಅಭಿಮಾನಿಗಳ ಜಾಲ 1989ರಲ್ಲೇ ಹುಟ್ಟಿತು, ಸಲಿಂಗಿ ಆಟಗಾರರೇ ಕಟ್ಟಿದ ಲಂಡನ್‌ನ ಸ್ಟೋನ್‌ವಾಲ್ ಎಫ್‌ಸಿ 1991ರಲ್ಲಿ. ಫಶಾನು ಹೆಸರಿನಲ್ಲಿ 2008ರಲ್ಲಿ ಆರಂಭವಾದ ಜಸ್ಟಿನ್ ಅಭಿಯಾನ ಬೆಳೆದು 'ಹೋಮೊಫೋಬಿಯಾ ವಿರುದ್ಧ ಫುಟ್‌ಬಾಲ್' ಎಂಬ ಚಳವಳಿಯಾಯಿತು. 2013ರಲ್ಲಿ ಸ್ಟೋನ್‌ವಾಲ್ ಎಂಬ ಹಕ್ಕುಗಳ ಸಂಘಟನೆ ಆಟಗಾರರಿಗೆ ಕಾಮನಬಿಲ್ಲಿನ ಬಣ್ಣದ ಶೂ ಲೇಸ್‌ಗಳನ್ನು ಹಂಚಿತು. ಕಾಮನಬಿಲ್ಲು ಲೈಂಗಿಕ ಅಲ್ಪಸಂಖ್ಯಾತರ ಗುರುತಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮುಂದೆ ಪ್ರೀಮಿಯರ್ ಲೀಗ್ ಕೂಡ ಇದರಲ್ಲಿ ಕೈಜೋಡಿಸಿ, ನಾಯಕರ ತೋಳುಪಟ್ಟಿಗೂ ಮೂಲೆಯ ಧ್ವಜಗಳಿಗೂ ಆ ಬಣ್ಣ ಬಂದಿತು. ಗ್ಯಾಲರಿಯಲ್ಲಿ ಕೂತ ಸಲಿಂಗಿ ಹುಡುಗನಿಗೆ ಈ ಬಣ್ಣಗಳಿಂದ ಸಿಗುವ ಧೈರ್ಯವನ್ನು ಕಡೆಗಣಿಸುವಂತಿಲ್ಲ. ಧಾರ್ಮಿಕ ನಂಬಿಕೆಯ ಕಾರಣಕ್ಕೆ ಆ ತೋಳುಪಟ್ಟಿಯನ್ನು ತೊಡಲೊಪ್ಪದ ಆಟಗಾರರೂ ಇದ್ದಾರೆ. 2024ರಲ್ಲಿ ಇಪ್ಸ್‌ವಿಚ್ ತಂಡದ ನಾಯಕ ಸ್ಯಾಮ್ ಮೊರ್ಸಿ ಹಾಗೆ ನಿರಾಕರಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಯಾರನ್ನೂ ಒತ್ತಾಯದಿಂದ ಪಟ್ಟಿ ತೊಡಿಸುವುದರಿಂದ ಹೃದಯ ಬದಲಾಗದು. ಆದರೆ ಪಟ್ಟಿ ತೊಡುವುದು ಬಿಡುವುದು ಆಯ್ಕೆಯಾಗಬಹುದಾದರೂ, ಸಹ ಆಟಗಾರನನ್ನು ಮನುಷ್ಯನಂತೆ ನಡೆಸಿಕೊಳ್ಳುವುದು ಯಾರ ಆಯ್ಕೆಗೂ ಬಿಟ್ಟದ್ದಾಗಬಾರದು.

ಸಂಕೇತಗಳ ಮಿತಿ ಬಯಲಾದದ್ದು ಕತಾರ್‌ನಲ್ಲಿ. ಸಲಿಂಗ ಸಂಬಂಧ ಅಪರಾಧವಾಗಿರುವ ಆ ದೇಶಕ್ಕೆ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ 2010ರಲ್ಲಿ ವಿಶ್ವಕಪ್ ಕೊಟ್ಟಾಗ, ಅಂದಿನ ಅಧ್ಯಕ್ಷ ಸೆಪ್ ಬ್ಲಾಟರ್, ಸಲಿಂಗಿ ಅಭಿಮಾನಿಗಳು ಅಲ್ಲಿದ್ದಷ್ಟು ದಿನ ಲೈಂಗಿಕ ಚಟುವಟಿಕೆಯಿಂದ ದೂರವಿರಲಿ ಎಂದು ಹೇಳಿ, ಟೀಕೆ ಬಂದ ಮೇಲೆ ಕ್ಷಮೆ ಕೇಳಿದ್ದರು. ಹನ್ನೆರಡು ವರ್ಷಗಳ ಬಳಿಕ ಇಂಗ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್ ಸೇರಿ ಏಳು ಯೂರೋಪಿಯನ್ ತಂಡಗಳು ತಮ್ಮ ನಾಯಕರು 'ಒನ್ ಲವ್' ಎಂಬ ಬಣ್ಣದ ತೋಳುಪಟ್ಟಿ ತೊಡುವರೆಂದು ತಿಂಗಳುಗಳ ಮುಂಚೆಯೇ ಸಾರಿದ್ದವು. ತೊಟ್ಟವರಿಗೆ ಹಳದಿ ಕಾರ್ಡ್ ತೋರಿಸಬಹುದೆಂದು ಫಿಫಾ ಪಂದ್ಯದ ಹೊಸ್ತಿಲಲ್ಲಿ ಎಚ್ಚರಿಸಿದಾಗ ಏಳೂ ತಂಡಗಳು ಹಿಂದೆ ಸರಿದವು. ಜರ್ಮನಿಯ ಆಟಗಾರರು ಜಪಾನ್ ವಿರುದ್ಧದ ಪಂದ್ಯಕ್ಕೆ ಮೊದಲು ತಂಡದ ಫೋಟೊದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಪ್ರತಿಭಟನೆ ತೋರಿದರು. ಒಂದು ಹಳದಿ ಕಾರ್ಡಿನಷ್ಟು ಬೆಲೆಯನ್ನೂ ತೆರಲು ರಾಷ್ಟ್ರೀಯ ಸಂಸ್ಥೆಗಳು ಒಪ್ಪದಿದ್ದಾಗ, ಇಡೀ ವೃತ್ತಿಜೀವನವನ್ನೇ ಪಣಕ್ಕಿಟ್ಟು ಒಬ್ಬ ಸಲಿಂಗಿ ಆಟಗಾರ ಮುಂದೆ ಬರಲಿ ಎಂದು ಅವು ಯಾವ ಬಾಯಿಂದ ಕೇಳಬಲ್ಲವು?

ಆದರೂ ಕೆಲವರು ಮುಂದೆ ಬಂದರು. ಆಸ್ಟ್ರೇಲಿಯಾದ ಅಡಿಲೇಡ್ ಯುನೈಟೆಡ್‌ನ ಜೋಶ್ ಕವಾಲೊ 2021ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನ 17 ವರ್ಷದ ಜೇಕ್ ಡ್ಯಾನಿಯಲ್ಸ್ 2022ರ ಮೇ 16ರಂದು, ಚೆಕ್ ಗಣರಾಜ್ಯದ ಅಂತರರಾಷ್ಟ್ರೀಯ ಆಟಗಾರ ಯಾಕುಬ್ ಯಾಂಕ್ಟೊ 2023ರ ಫೆಬ್ರವರಿಯಲ್ಲಿ ತಮ್ಮ ಬದುಕಿನ ಸತ್ಯವನ್ನು ಜಗತ್ತಿಗೆ ತಿಳಿಸಿದರು. ಫಶಾನು ನಂತರ ಬ್ರಿಟನ್ನಿನ ವೃತ್ತಿಪರ ಪುರುಷರ ಫುಟ್‌ಬಾಲ್‌ನಲ್ಲಿ ಆಡುತ್ತಿರುವಾಗಲೇ ಹೇಳಿಕೊಂಡ ಎರಡನೆಯವರು ಡ್ಯಾನಿಯಲ್ಸ್; ನಡುವೆ ಕಳೆದುಹೋದದ್ದು ಸುಮಾರು 32 ವರ್ಷ. ತಾಯಿಗೂ ಸಹೋದರಿಗೂ ವಿಷಯ ತಿಳಿಸಿದ ಮರುದಿನವೇ ಅಕ್ರಿಂಗ್ಟನ್ ತಂಡದ ವಿರುದ್ಧ ತಾನು ನಾಲ್ಕು ಗೋಲು ಹೊಡೆದೆನೆಂದು ಆ ಹುಡುಗ ಹೇಳಿಕೊಂಡದ್ದು, ಬಚ್ಚಿಟ್ಟ ಮಾತಿನ ಭಾರ ಆಟಗಾರನ ಕಾಲನ್ನೂ ಹಿಡಿದಿರುತ್ತದೆಂಬುದನ್ನು ಯಾವ ಸಂಶೋಧನೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಅವನ ಕ್ಲಬ್, ಸಹ ಆಟಗಾರರು, ದೇಶದ ಪ್ರಧಾನಿ ಎಲ್ಲರೂ ಬೆಂಬಲಿಸಿದರು. ಫಶಾನು ಕಂಡ ಇಂಗ್ಲೆಂಡಿಗೂ ಡ್ಯಾನಿಯಲ್ಸ್ ಕಂಡ ಇಂಗ್ಲೆಂಡಿಗೂ ಇರುವ ವ್ಯತ್ಯಾಸ ಅಲ್ಲಗಳೆಯಲಾಗದ್ದು. ಆದರೆ ಕವಾಲೊ ಮೂರು ತಿಂಗಳೊಳಗೆ ಮೆಲ್ಬರ್ನ್‌ನ ಗ್ಯಾಲರಿಯಿಂದ ಬೈಗುಳ ಕೇಳಬೇಕಾಯಿತೆಂಬುದನ್ನೂ ಜೊತೆಗೇ ನೆನೆಯಬೇಕು.

ಶಿಕ್ಷೆಯ ವಿಷಯದಲ್ಲಿ ಕಾನೂನು ನಿಧಾನವಾಗಿ ಕಣ್ಣು ತೆರೆದಿದೆ. ಇಂಗ್ಲೆಂಡಿನ 1991ರ ಫುಟ್‌ಬಾಲ್ ಅಪರಾಧಗಳ ಕಾಯ್ದೆ ಅಸಭ್ಯ ಮತ್ತು ಜನಾಂಗೀಯ ಘೋಷಣೆಗಳನ್ನು ಅಪರಾಧವೆಂದಿತ್ತು, ಸಲಿಂಗಿಗಳ ಪ್ರಸ್ತಾಪ ಅದರಲ್ಲಿರಲಿಲ್ಲ. ಹಣಕ್ಕಾಗಿ ಮೈಮಾರುವ ಹುಡುಗರೆಂಬ ಅರ್ಥ ಕೊಡುವ ಒಂದು ಕೂಗು ಚೆಲ್ಸಿ ಆಟಗಾರರ ಮೇಲೆ ದಶಕಗಳಿಂದ ಬಳಕೆಯಲ್ಲಿತ್ತು. 2021ರಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಅದನ್ನು ಕೂಗಿದಾಗ ಅವರದೇ ತಂಡದ ತರಬೇತುದಾರ ಯುರ್ಗನ್ ಕ್ಲಾಪ್ ಬಹಿರಂಗವಾಗಿ ಖಂಡಿಸಿದರು, ಮುಂದಿನ ಜನವರಿಯಲ್ಲಿ ಸರ್ಕಾರಿ ಅಭಿಯೋಜನಾ ಇಲಾಖೆ ಅದನ್ನು ದ್ವೇಷದ ಅಪರಾಧವೆಂದು ಸ್ಪಷ್ಟಪಡಿಸಿತು. ಮೆಕ್ಸಿಕೊದಲ್ಲಿ ಎದುರಾಳಿ ಗೋಲಿ ಚೆಂಡನ್ನು ಒದೆಯುವಾಗ ಗ್ಯಾಲರಿಯೆಲ್ಲ ಒಂದೇ ದನಿಯಲ್ಲಿ ಕೂಗುವ ಬೈಗುಳಕ್ಕೆ ಫಿಫಾ ವರ್ಷಗಟ್ಟಲೆ ದಂಡ ಹಾಕಿತು, ಅಲ್ಲಿನ ಸಂಸ್ಥೆ ಕಟ್ಟಿತು, ಕೂಗು ನಿಲ್ಲಲಿಲ್ಲ. ದಂಡ ಕಟ್ಟುವವರು ಕೂಗುವವರಲ್ಲವಾದ್ದರಿಂದ ಅದು ಸಹಜವೇ. ಖಾಲಿ ಕ್ರೀಡಾಂಗಣದಲ್ಲಿ ಆಡಬೇಕಾದಾಗ, 2023ರಲ್ಲಿ ಲಾಸ್ ವೇಗಸ್‌ನಲ್ಲಿ ಅಮೆರಿಕದೆದುರಿನ ಪಂದ್ಯವನ್ನು ರೆಫರಿ ಅವಧಿಗೆ ಮೊದಲೇ ಮುಗಿಸಿದಾಗ ಮಾತ್ರ ಪ್ರೇಕ್ಷಕರಿಗೂ ಅದರ ಬಿಸಿ ಮುಟ್ಟಿತು.

ಪಂದ್ಯ ನಿಲ್ಲಿಸುವುದು ಫುಟ್‌ಬಾಲ್‌ನ ಕೈಲಿರುವ ಬಲವಾದ ಅಸ್ತ್ರ. ನಿಂದನೆ ಕೇಳಿಬಂದರೆ ಮೊದಲು ಆಟ ತಡೆದು ಧ್ವನಿವರ್ಧಕದಲ್ಲಿ ಎಚ್ಚರಿಸುವುದು, ಮುಂದುವರಿದರೆ ಆಟಗಾರರನ್ನು ಒಳಗೆ ಕರೆಸುವುದು, ಆಗಲೂ ನಿಲ್ಲದಿದ್ದರೆ ಪಂದ್ಯವನ್ನೇ ಕೈಬಿಡುವುದು ಎಂಬ ಮೂರು ಹಂತದ ಕ್ರಮವನ್ನು ಫಿಫಾ ರೂಪಿಸಿದೆ. ಫ್ರಾನ್ಸ್‌ನಲ್ಲಿ 2019ರ ಆಗಸ್ಟ್‌ನಲ್ಲಿ ನಾನ್ಸಿ ಊರಿನ ಪಂದ್ಯವೊಂದನ್ನು ರೆಫರಿ ಮೆಹ್ದಿ ಮೊಕ್ತಾರಿ ಹೀಗೆ ತಡೆದರು, ಕೆಲವೇ ದಿನಗಳಲ್ಲಿ ನೀಸ್ ಮತ್ತು ಮಾರ್ಸೆ ತಂಡಗಳ ಪಂದ್ಯ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ನಿಂತಿತು. ಅಭಿಮಾನಿ ಗುಂಪುಗಳು ಸಿಟ್ಟಾದವು. ಮರುತಿಂಗಳೇ ಫ್ರೆಂಚ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ನೊಯೆಲ್ ಲ ಗ್ರೆ, ಹೋಮೊಫೋಬಿಯಾದ ಕಾರಣಕ್ಕೆ ಪಂದ್ಯ ನಿಲ್ಲಿಸುವುದು ತಮಗೆ ಒಪ್ಪಿಗೆಯಿಲ್ಲವೆಂದು ಸಾರಿ ತಮ್ಮದೇ ರೆಫರಿಗಳ ಬೆನ್ನಿಗೆ ನಿಲ್ಲದೆ ಹೋದರು.

ಒಂದು ಕ್ಲಬ್ ಅವಮಾನದ ಬೆಲೆಯನ್ನು ತಾನಾಗಿ ತೆತ್ತದ್ದು ಅಮೆರಿಕದ ಎರಡನೇ ದರ್ಜೆಯ ಲೀಗ್‌ನಲ್ಲಿ. 2018ರಿಂದ ತಾವು ಸಲಿಂಗಿಯೆಂದು ಹೇಳಿಕೊಂಡು ಆಡುತ್ತಿದ್ದ ಕಾಲಿನ್ ಮಾರ್ಟಿನ್ ಅವರು 2020ರಲ್ಲಿ ಸ್ಯಾನ್ ಡಿಯಾಗೊ ಲಾಯಲ್ ತಂಡದಲ್ಲಿದ್ದರು. ಸೆಪ್ಟೆಂಬರ್ 30ರಂದು ಫೀನಿಕ್ಸ್ ರೈಸಿಂಗ್ ವಿರುದ್ಧ ವಿರಾಮದ ಹೊತ್ತಿಗೆ ಅವರ ತಂಡ 3-1ರಿಂದ ಮುಂದಿತ್ತು, ನಾಕೌಟ್ ಹಂತದ ಆಸೆ ಜೀವಂತವಾಗಿರಲು ಆ ಗೆಲುವು ಬೇಕೇ ಬೇಕಿತ್ತು. ಮೊದಲಾರ್ಧದ ಕೊನೆಯಲ್ಲಿ ಎದುರಾಳಿ ಆಟಗಾರನೊಬ್ಬ ತಮ್ಮನ್ನು ಸಲಿಂಗಿಗಳನ್ನು ಹಳಿಯುವ ಪದದಿಂದ ಬೈದನೆಂದು ಮಾರ್ಟಿನ್ ದೂರಿದರು. ತರಬೇತುದಾರ ಲ್ಯಾಂಡನ್ ಡಾನವನ್, ಅಮೆರಿಕ ಕಂಡ ಅತಿ ಪ್ರಸಿದ್ಧ ಆಟಗಾರರಲ್ಲೊಬ್ಬರು, ಆ ಆಟಗಾರನನ್ನು ಹೊರಗೆ ಕರೆಸಿಕೊಳ್ಳಿ, ಆಟ ಮುಂದುವರಿಸೋಣ ಎಂದು ರೆಫರಿಯನ್ನೂ ಎದುರಾಳಿ ತರಬೇತುದಾರನನ್ನೂ ಮೈದಾನದ ಅಂಚಿನಲ್ಲಿ ನಿಂತು ಕೇಳಿಕೊಂಡರು, ಅವರು ಒಪ್ಪಲಿಲ್ಲ. ಎರಡನೇ ಅರ್ಧದ ಶಿಳ್ಳೆ ಮೊಳಗಿದಾಗ ಸ್ಯಾನ್ ಡಿಯಾಗೊ ಆಟಗಾರರು ಒಂದು ಮಂಡಿ ಊರಿ ಕೂತು, ಎದ್ದು, ಸಾಲಾಗಿ ಹೊರನಡೆದರು. ತಮ್ಮ ಕಾರಣಕ್ಕೆ ಪಂದ್ಯ ಬಿಡಬೇಡಿ ಎಂದು ಮಾರ್ಟಿನ್ ಹೇಳಿದ್ದರೂ ಸಂಗಡಿಗರು ಕೇಳಲಿಲ್ಲ. ಪಂದ್ಯ ಎದುರಾಳಿಗೆ ಹೋಯಿತು, ಋತು ಅಲ್ಲಿಗೇ ಮುಗಿಯಿತು. ಬೈದಿಲ್ಲವೆಂದು ಆ ಆಟಗಾರ ವಾದಿಸಿದರೂ ತನಿಖೆ ನಡೆಸಿದ ಲೀಗ್ ಅವನಿಗೆ ಆರು ಪಂದ್ಯಗಳ ನಿಷೇಧ ವಿಧಿಸಿತು. ಮಾರ್ಟಿನ್ 2023ರಲ್ಲಿ ಆ ಕ್ಲಬ್ ಮುಚ್ಚುವವರೆಗೂ ಅದರ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಲೇ ಇದ್ದರು.